ಒಮಾನ್ ಹಳ್ಳಿಗಾಡಿನ ಸರ್ವೆ ಕೆಲಸ

ಒಮಾನಿನ ಹಳ್ಳಿ ಕಡೆ ಸರ್ವೆ ಕೆಲಸಕ್ಕೆ ಬಂದರೆ ಬಿಸಿಲು ತಡೆಯೋಕಾಗುತ್ತಾ ಅಂತ ಕೇಳಿದ್ದೀರಿ. ತಡೆಯಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನೇ ಇದೆ. ನಿಜವಾಗಿ ಕಾಡೋದು ನೆಲದಿಂದ ಏಳುವ ಝಳ. ಹೊತ್ತು ಏರಿತೆಂದರೆ ಟೋಟಲ್ ಸ್ಟೇಷನ್ನಿನಲ್ಲಿ (ದೂರ, ಕೋನ ಅಳೆಯುವ ಉಪಕರಣ) ನೋಡಿದರೆ ಗುರಿಗೆ ನಿಲ್ಲಿಸಿದ ಪ್ರಿಸಂ ನೀರೊಳಗಿದ್ದ ಹಾಗೆ ಕುಣಿಯುತ್ತೆ, ಲೆವೆಲ್ (ಎತ್ತರದ) ರೀಡಿಂಗ್ ನಂಬೋ ಹಾಗಿಲ್ಲ. ಮುಖ್ಯ ಪಾಯಿಂಟುಗಳನ್ನು ಬೆಳಕು ಹರಿಯುತ್ತಿದ್ದಂತೆ ಮುಗಿಸಿಬಿಡಿ. ವಾದಿಗಳಲ್ಲಿ (ಮಳೆ ಬಂದರಷ್ಟೇ ಹರಿಯುವ ಹಳ್ಳಗಳು) ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರಲ್ಲ, ಆರ್‌ಟಿಕೆಗೆ (ಉಪಗ್ರಹ ಸಿಗ್ನಲ್‌ನಿಂದ ಜಾಗವನ್ನು ನಿಖರವಾಗಿ ಗುರುತಿಸುವ ವಿಧಾನ) ತಿದ್ದುಪಡಿ ಕಳಿಸೋಕೆ ನಿಮ್ಮದೇ ಬೇಸ್ ಸ್ಟೇಷನ್, ರೇಡಿಯೊ ಒಯ್ಯಲೇಬೇಕು. ಆದರೆ ಫಲಜ್ (ಇಲ್ಲಿನ ಹಳೇ ಕಾಲದ ನೀರಾವರಿ) ಕಾಲುವೆ ಪಕ್ಕ ಖರ್ಜೂರದ ತೋಟದಲ್ಲಿ ಟ್ರೈಪಾಡ್ ಇಟ್ಟಿರೋ, ಯಜಮಾನರು ಕೂರಿಸಿ ಕಹ್ವಾ (ಏಲಕ್ಕಿ ಹಾಕಿದ ಅರಬ್ ಕಾಫಿ), ಖರ್ಜೂರ ಕೊಡದೆ ಕಳಿಸಲ್ಲ. ಆ ನೆರಳು, ಆ ಏಲಕ್ಕಿ ಘಮ ನನಗೆ ತುಂಬಾ ಇಷ್ಟ. ಸಾಕಾದಾಗ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಿ, ಇಲ್ಲದಿದ್ದರೆ ಮತ್ತೆ ತುಂಬುತ್ತಾರೆ.