ಅಕ್ರಮ ಕಟ್ಟಡದ ನೋಟಿಸನ್ನು ಗೋಡೆಗೆ ಅಂಟಿಸಿ ಹೋದರೆ ಸಾಕಾ?

ಕಟ್ಟಡ ಒಡೆಯುವುದಾದರೆ ಅಷ್ಟೇ ಸಾಲದು. 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮಾಲೀಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಶೋಕಾಸ್ ನೋಟಿಸ್ (ಯಾಕೆ ಒಡೆಯಬಾರದು ಅಂತ ಕಾರಣ ಕೇಳುವ ನೋಟಿಸ್) ಕಳಿಸಬೇಕು, ಜೊತೆಗೆ ಕಟ್ಟಡದ ಮೇಲೂ ಎದ್ದು ಕಾಣುವಂತೆ ಅಂಟಿಸಬೇಕು. ಉತ್ತರಿಸಲು ನೋಟಿಸ್ ಕೈಸೇರಿದ ದಿನದಿಂದ ಕನಿಷ್ಠ 15 ದಿನ ಸಿಗುತ್ತದೆ. ಹಾಗಾಗಿ ಲಕೋಟೆ ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆ ಮುಂದೆ ಬೇಕಾಗುತ್ತದೆ.

ಹಳೇ ತಾರೀಕು ಹಾಕಿ ನೋಟಿಸ್ ಹುಟ್ಟಿಸುವ ಚಾಳಿ ಇದೆಯಲ್ವಾ? ಅದಕ್ಕೇ, ನೋಟಿಸ್ ತಲುಪಿಸಿದ ಕೂಡಲೇ ಜಿಲ್ಲಾಧಿಕಾರಿ ಕಚೇರಿಗೆ ಇಮೇಲ್ ಹೋಗಬೇಕು ಅಂತ ಕೋರ್ಟ್ ಹೇಳಿದೆ. ಸುಮ್ನೆ ‘ನಿಯಮ ಮೀರಿದ್ದೀರಿ’ ಅಂದರೂ ಆಗುವುದಿಲ್ಲ. ಯಾವ ಉಲ್ಲಂಘನೆ, ವಿಚಾರಣೆ ಯಾವತ್ತು, ಯಾರ ಮುಂದೆ ಅನ್ನುವುದೆಲ್ಲ ನೋಟಿಸಿನಲ್ಲೇ ಇರಬೇಕು.

ರಸ್ತೆ, ಫುಟ್‌ಪಾತ್, ರೈಲು ಹಳಿ ಪಕ್ಕ, ನದಿ, ಕೆರೆ ಒತ್ತುವರಿ ಮಾಡಿದ್ದರೆ ಅಥವಾ ಒಡೆಯಲು ಕೋರ್ಟೇ ಆದೇಶಿಸಿದ್ದರೆ ಈ ರಕ್ಷಣೆ ಇಲ್ಲ.