ಕಟರ್‌ಗೆ ಅಲ್ಯೂಮಿನಿಯಂ ಮೆತ್ತಿಕೊಳ್ಳುತ್ತಿದ್ದರೆ

ನಮಸ್ಕಾರ. ಚಿಕ್ಕ ಸಿಎನ್‌ಸಿ ರೂಟರ್‌ನಲ್ಲಿ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ) 6 ಎಂಎಂನ ನಾಲ್ಕು ಫ್ಲೂಟಿನ, ಅಂದರೆ ನಾಲ್ಕು ಹಲ್ಲಿನ, ಎಂಡ್‌ಮಿಲ್ ಕಟರ್ ಹಾಕಿ 12,000 ಆರ್‌ಪಿಎಂನಲ್ಲಿ ಓಡಿಸ್ತಿದ್ದೀರಿ, ಅಲ್ಯೂಮಿನಿಯಂ ಮೆತ್ತಿಕೊಂಡು ಕಟರ್ ಮುರಿಯುತ್ತಿದೆ, ಫೀಡನ್ನು (ಕಟರ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 150 ಎಂಎಂಗೆ ಇಳಿಸಿದರೂ ಸರಿಹೋಗಿಲ್ಲ ಅಂತ ಬರೆದಿದ್ದೀರಿ, ಅಲ್ವಾ?

ಫೀಡ್ ಇಳಿಸಿದ್ದೇ ತೊಂದರೆ. ಲೆಕ್ಕ ಹಾಕಿ ನೋಡಿ: ಒಂದೊಂದು ಹಲ್ಲಿಗೆ ಸಿಗುವುದು ಸುಮಾರು 0.003 ಎಂಎಂ ಮಾತ್ರ. ಅಷ್ಟರಲ್ಲಿ ಹಲ್ಲು ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುತ್ತದೆ, ಉಜ್ಜಿದರೆ ಬಿಸಿ, ಬಿಸಿಯಾದರೆ ಲೋಹ ಮೆತ್ತಗಾಗಿ ಅಂಚಿಗೆ ಅಂಟುತ್ತದೆ.

ಮೊದಲು ಎರಡು ಫ್ಲೂಟಿನ, ಕೋಟಿಂಗ್ ಇಲ್ಲದ ಕಾರ್ಬೈಡ್ ಕಟರ್ ತನ್ನಿ. ಹಲ್ಲು ಕಡಿಮೆಯಿದ್ದರೆ ಕತ್ತರಿಸಿದ ಲೋಹದ ಚೂರು ಹೊರಬರಲು ಜಾಗ ಸಿಗುತ್ತದೆ. ಕಪ್ಪು ಬಣ್ಣದ ಟೈಟಾನಿಯಂ-ಅಲ್ಯೂಮಿನಿಯಂ ನೈಟ್ರೈಡ್ ಕೋಟಿಂಗ್ ಉಕ್ಕಿಗೆ ಒಳ್ಳೆಯದು, ಆದರೆ ಅದರಲ್ಲೇ ಅಲ್ಯೂಮಿನಿಯಂ ಇರುವುದರಿಂದ ಈ ಕೆಲಸಕ್ಕೆ ಬೇಡವೇ ಬೇಡ. ಅದೇ ಆರ್‌ಪಿಎಂ ಇರಲಿ, ಫೀಡ್ 600 ಇಡಿ, ಒಂದು ಸಲಕ್ಕೆ ಆಳ ಅರ್ಧ ಎಂಎಂ ಸಾಕು. ಗಾಳಿ ಹೊಡೆದು ಚೂರು ತೆಗೆಯುತ್ತಲೇ ಇರಿ, ಕನ್ನಡಕ ಮಾತ್ರ ಮರೆಯಬೇಡಿ. ಬ್ರಶ್‌ನಲ್ಲಿ ಒಂಚೂರು ಕಟಿಂಗ್ ಆಯಿಲ್ ಹಚ್ಚಿದರೆ ಅಂಟುವುದು ಬಹಳ ಕಡಿಮೆಯಾಗುತ್ತದೆ.

ಇನ್ನೊಂದು, ನಿಮ್ಮ ಹಾಳೆ ಯಾವ ಗ್ರೇಡ್ ಅಂತ ಹೇಳಿಲ್ಲ. ಬಾಗಿಸಲು ಬರುವ ಮೆತ್ತನೆ ಹಾಳೆಯಾದರೆ ಏನು ಮಾಡಿದರೂ ಕಾಟ ಕೊಡುತ್ತದೆ. ಅಂಗಡಿಯಲ್ಲಿ ಎಚ್‌ಇ30 ಅಥವಾ 6061-ಟಿ6 ಅನ್ನುವ ಗಟ್ಟಿ ಗ್ರೇಡನ್ನೇ ಕೇಳಿ ತನ್ನಿ.

ಮುರಿಯದ ಹಳೇ ಕಟರ್ ಎಸೆಯಬೇಡಿ. ಕಾಸ್ಟಿಕ್ ಸೋಡಾ ನೀರಿನಲ್ಲಿ ಇಟ್ಟರೆ ಮೆತ್ತಿದ ಅಲ್ಯೂಮಿನಿಯಂ ಕರಗುತ್ತದೆ. ಗ್ಲೌಸ್ ಹಾಕಿಕೊಂಡು ಬಯಲಲ್ಲೇ ಮಾಡಿ, ಹೈಡ್ರೋಜನ್ ಬರುತ್ತದೆ.