ಬರಹಗಾರರಿಗೆ ಸಲಹೆ: ಪವಾಡ ಬಿಡಿ, ಜ್ವರದ ಬಗ್ಗೆ ಬರೆಯಿರಿ

ಪ್ರಿಯ ಲೇಖಕರೇ,

ನೀವು ಕಳಿಸಿದ ಲೇಖನ ‘ಕ್ಯಾನ್ಸರ್ ಮೇಲೆ ಬ್ರಹ್ಮಾಸ್ತ್ರ’ ಓದಿದೆ. ಬಿ-ಕೋಶದ ಲಿಂಫೋಮಾಕ್ಕೆ (ಸೋಂಕಿನಿಂದ ಕಾಯುವ ಒಂದು ಬಗೆಯ ಬಿಳಿ ರಕ್ತಕಣದ ಕ್ಯಾನ್ಸರಿಗೆ) ಬಂದಿರುವ ಬೈಸ್ಪೆಸಿಫಿಕ್ ಆಂಟಿಬಾಡಿಗಳ, ಅಂದರೆ ಒಟ್ಟಿಗೇ ಎರಡು ಗುರಿ ಹಿಡಿಯುವ ಔಷಧಿಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೀರಿ, ಖುಷಿಯಾಯಿತು. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳಿಬಿಡುತ್ತೇನೆ.

ಮೊದಲ ಎರಡು ಪುಟ ಬರೀ ಯುದ್ಧ. ಸೈನಿಕರು, ಕೋಟೆ, ಕೊನೆಗೆ ಚಕ್ರವ್ಯೂಹದೊಳಗೆ ಅಭಿಮನ್ಯು. (ಅವನು ಹೊರಗೆ ಬರಲೇ ಇಲ್ಲವಲ್ಲ! ರೋಗಿಯ ಮನೆಯವರು ಓದುವ ಲೇಖನಕ್ಕೆ ಅವನು ಬೇಕಿತ್ತಾ?) ಇಷ್ಟಾದರೂ ಔಷಧಿ ಏನು ಮಾಡುತ್ತದೆ ಅಂತ ಗೊತ್ತಾಗಲಿಲ್ಲ. ಅಂಥ ಒಂದು ಔಷಧಿ ಗ್ಲೋಫಿಟಮ್ಯಾಬ್ ಅನ್ನೇ ತಗೊಳ್ಳಿ. ಅದರ ಒಂದು ಕಡೆ ಬಿ-ಕೋಶದ ಮೈಮೇಲಿರುವ ಸಿಡಿ20 ಎಂಬ ಪ್ರೋಟೀನನ್ನು ಹಿಡಿಯುತ್ತದೆ, ಇನ್ನೊಂದು ಕಡೆ ಟಿ-ಕೋಶದ (ಕೆಟ್ಟ ಕೋಶಗಳನ್ನು ಕೊಲ್ಲಬಲ್ಲ ಇನ್ನೊಂದು ಬಗೆಯ ಬಿಳಿ ರಕ್ತಕಣದ) ಸಿಡಿ3 ಎಂಬ ಪ್ರೋಟೀನನ್ನು. ಎರಡೂ ಕೋಶ ಒತ್ತಿಕೊಂಡಾಗ ಟಿ-ಕೋಶ ಚುರುಕಾಗಿ, ಪಕ್ಕದ ಬಿ-ಕೋಶದ ಪೊರೆಗೆ ತೂತು ಕೊರೆದು ಸಾಯಿಸುತ್ತದೆ. ಆ ಟಿ-ಕೋಶಕ್ಕೆ ಈ ಕ್ಯಾನ್ಸರಿನ ಗುರುತು ಮೊದಲೇ ಇರಬೇಕಾಗಿಲ್ಲ. ಸ್ವಾರಸ್ಯ ಇರುವುದೇ ಇಲ್ಲಿ. ನೀವು ಇದಕ್ಕೆ ಒಂದು ಸಾಲೂ ಕೊಟ್ಟಿಲ್ಲ.

‘ಕ್ಯಾನ್ಸರ್ ಕೋಶಗಳನ್ನು ಮಾತ್ರ ಕೊಲ್ಲುತ್ತದೆ’ ಅಂದಿದ್ದೀರಿ. ತಪ್ಪು. ಸಿಡಿ20 ಆರೋಗ್ಯವಾಗಿರುವ ಬಿ-ಕೋಶಗಳ ಮೇಲೂ ಇರುತ್ತದೆ. ಅವೂ ಸಾಯುತ್ತವೆ, ಸೋಂಕಿನ ಭಯ ಜಾಸ್ತಿಯಾಗುತ್ತದೆ.

ರೋಗಿಯ ಟಿ-ಕೋಶ ತೆಗೆದು, ಲ್ಯಾಬಿನಲ್ಲಿ ಬದಲಿಸಿ ವಾಪಸ್ ಕೊಡುವುದು ಕಾರ್-ಟಿ ಚಿಕಿತ್ಸೆ. 2023ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕ ನೆಕ್ಸ್‌ಕಾರ್19 ಆ ಬಗೆಯದು. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ. ಬೈಸ್ಪೆಸಿಫಿಕ್ ಸಿದ್ಧವಾಗಿ ಬರುವ ಔಷಧಿ. ವಾರಗಟ್ಟಲೆ ಕಾಯಲಾಗದ ರೋಗಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಇನ್ನು ‘ಸ್ವಲ್ಪ ಜ್ವರ ಬರಬಹುದು’ ಅನ್ನುವ ನಿಮ್ಮ ಸಾಲು. ನಿಜವಾದ ಕಥೆ ಇದರೊಳಗೇ ಇದೆ, ನೀವು ಸುಮ್ನೆ ದಾಟಿ ಹೋಗಿದ್ದೀರಿ. ಟಿ-ಕೋಶಗಳು ಒಟ್ಟಿಗೇ ಚುರುಕಾದರೆ ಸೈಟೊಕೈನ್‌ಗಳು ಎಂಬ, ಉರಿಯೂತ ಎಬ್ಬಿಸುವ ಪ್ರೋಟೀನುಗಳು ರಕ್ತಕ್ಕೆ ಸುರಿಯುತ್ತವೆ. ಜ್ವರ, ಚಳಿ ಬರುತ್ತದೆ, ಕೆಲವರಿಗೆ ಬಿಪಿ ಇಳಿಯುತ್ತದೆ. ಅದಕ್ಕೇ ಮೊದಲು ಒಬಿನುಟುಜುಮ್ಯಾಬ್ ಎಂಬ ಇನ್ನೊಂದು ಔಷಧಿ ಕೊಟ್ಟು ಬಿ-ಕೋಶಗಳನ್ನು ಕಡಿಮೆ ಮಾಡುತ್ತಾರೆ. ವಾರ ಬಿಟ್ಟು ಗ್ಲೋಫಿಟಮ್ಯಾಬ್ ಬರೀ 2.5 ಮಿಲಿಗ್ರಾಂ, ಅದೂ ನಾಲ್ಕು ಗಂಟೆ ನಿಧಾನವಾಗಿ ಹನಿಸುತ್ತಾ. ಮುಂದಿನ ವಾರ 10, ಆಮೇಲೆ 30. ಈ ಸೈಟೊಕೈನ್ ಹೊಡೆತ ತಗ್ಗಿಸುವ ಟೊಸಿಲಿಜುಮ್ಯಾಬ್ ಔಷಧಿ ಕೈಗೆ ಸಿಗುವಂತೆ ಇಟ್ಟುಕೊಂಡಿರುತ್ತಾರೆ. 2022ರಲ್ಲಿ ಪ್ರಕಟವಾದ ಗ್ಲೋಫಿಟಮ್ಯಾಬ್ ಪರೀಕ್ಷೆಯಲ್ಲಿ 63% ಜನರಿಗೆ ಈ ತೊಂದರೆ ಬಂತು, ತೀವ್ರವಾಗಿದ್ದು 4% ಜನರಿಗೆ. ಹೀಗೆ ಬರೆದರೆ ಓದುವವರು ಹೆದರುತ್ತಾರೆ ಅನ್ನಬೇಡಿ. ಗೊತ್ತಿಲ್ಲದೆ ಚಳಿ ಹತ್ತಿಕೊಂಡರೆ ಇನ್ನೂ ಹೆದರುತ್ತಾರೆ.

‘ಪವಾಡ’ ಪದ ಐದಾರು ಕಡೆ ಇದೆ, ಎಲ್ಲ ತೆಗೆಯಿರಿ. ಅದೇ ಪರೀಕ್ಷೆಯಲ್ಲಿದ್ದವರು ಕನಿಷ್ಠ ಎರಡು ಚಿಕಿತ್ಸೆ ಮುಗಿಸಿಯೂ ರೋಗ ಬಗ್ಗದವರು. ಅವರಲ್ಲಿ 39% ಜನರಲ್ಲಿ ರೋಗದ ಗುರುತೇ ಕಾಣದಂತಾಯಿತು. ಅಂಥವರಲ್ಲಿ ಇದು ದೊಡ್ಡ ಮಾತು. ಉಳಿದವರಿಗೆ ಹಾಗಾಗಲಿಲ್ಲ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.

ನನಗೆ ಹಿಡಿಸಿದ್ದು ನಾಲ್ಕನೇ ಪುಟ. ನಿಮ್ಮ ಅತ್ತಿಗೆ ವಾರ್ಡಿನಲ್ಲಿ ಕೂತು ಅಣ್ಣನ ಜ್ವರ ನೋಡಿ ನೋಡಿ ಔಷಧಿ ಚೀಟಿಯ ಹಿಂದೆ ಬರೆದಿಡುವುದು, ನರ್ಸ್ ಬಂದರೆ ಅದನ್ನೇ ಮುಂದೆ ಹಿಡಿಯುವುದು. ಅಲ್ಲಿಂದಲೇ ಶುರು ಮಾಡಿ. ಔಷಧಿಯ ಕೆಲಸವೂ ಆ ಚೀಟಿಯ ಅಂಕಿಗಳ ಜೊತೆಗೇ ಅರ್ಥವಾಗಲಿ. ಅಣ್ಣನ ಹೆಸರು ಬೇಡ, ಅವರ ಒಪ್ಪಿಗೆ ಬೇಕು. 1,200 ಪದ ಸಾಕು. ಕಳಿಸುವ ಮುಂಚೆ ರಕ್ತದ ಕ್ಯಾನ್ಸರ್ ನೋಡುವ ಡಾಕ್ಟರೊಬ್ಬರಿಗೆ ತೋರಿಸಿ.

ಇಂತಿ,
ಸಂಪಾದಕ